ನಡಾವಳಿಯಲ್ಲಿ ಬರೆಯದ್ದು

ಹತ್ತೊಂಬತ್ತು ವರ್ಷದಿಂದ ಈ ಶಾಲಾ ಜಿಲ್ಲೆಯ
ಸಭೆಗಳಿಗೆ ನಡಾವಳಿ ಬರೆಯುವವಳು ನಾನು.
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಎಷ್ಟು ಕೈ ಎದ್ದವು. ಅಷ್ಟೇ.
ನಿಟ್ಟುಸಿರಿಗೆ ಅದರಲ್ಲಿ ಅಂಕಣವಿಲ್ಲ.

ಐದು ಶಾಲೆ, ಹದಿನಾಲ್ಕು ಬಸ್ಸು,
ಉತ್ತರ ಡಕೋಟಾದ ಬಯಲು. ಕಣ್ಣು ಹಾಯಿಸಿದರೆ
ಅದರಾಚೆ ಇನ್ನೊಂದು ಬಯಲು.
ಗಾಳಿಗೆ ಇಲ್ಲಿ ಬಾಗಿಲು ತಟ್ಟುವ ರೂಢಿಯಿಲ್ಲ.

ಹಿಂದಿನ ಸೂಪರಿಂಟೆಂಡೆಂಟ್ ಸಾಹೇಬರು
'ನಾವೆಲ್ಲ ಒಂದೇ ಮನೆಯವರು' ಎಂದು ಬರೆಸಿದ
ಪಿಂಗಾಣಿ ಲೋಟಗಳನ್ನು ತಲೆಗೊಂದರಂತೆ ಹಂಚಿದ್ದರು.
ಆ ವರ್ಷ ಮನೆ ಬಿಟ್ಟವರು ಹನ್ನೊಂದು ಜನ,
ಮೇಷ್ಟರು, ಟೀಚರಮ್ಮಂದಿರು.
ಲೋಟ ಮೇಜಿನ ಮೇಲೇ ಬಿಟ್ಟು ಹೋದರು.
ಒಂದರಲ್ಲಿ ನಾನೀಗ ಪೆನ್ಸಿಲು ಇಡುತ್ತೇನೆ,
ಅಕ್ಷರ ಗೋಡೆಯ ಕಡೆಗೆ ತಿರುಗಿಸಿ.

ಆಮೇಲೆ ಬಂದವಳು ವರ್ನಾ ಓಡೆಗಾರ್ಡ್.
ಉದ್ದ ಕೋಟು, ಸವೆದ ಬೂಟು, ಮಾತು ಕಡಿಮೆ.
ಮೊದಲ ವಾರ ಭಾಷಣವೇ ಮಾಡಲಿಲ್ಲವೆಂದು
ಅಡುಗೆಮನೆಯಲ್ಲಿ ಅನುಮಾನ ಹುಟ್ಟಿತು.
ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಡಿಸಿದ ಡೆಲೀಮಾ ಪಾಯ್ಟ್ರಾ
ಸೌಟು ಒರೆಸುತ್ತ ಹೇಳಿದಳು:
'ಸದ್ದಿಲ್ಲದ ಬೆಕ್ಕಿಗೇ ಹಾಲಿನ ಜಾಗ ಗೊತ್ತಿರುವುದು.
ಪಾತ್ರೆ ಮುಚ್ಚಿಡಿ.'

ಜನವರಿ. ಸೊನ್ನೆಗಿಂತ ಮೂವತ್ತು ಕೆಳಗೆ.
ಶಾಲೆ ಉಂಟೋ ಇಲ್ಲವೋ
ಬೆಳಗಿನ ಐದರೊಳಗೆ ಹೇಳಬೇಕು.
ಮೊದಲೆಲ್ಲ ಅದು ಒಬ್ಬರ ಕಿಟಕಿ, ಒಬ್ಬರ ತೀರ್ಮಾನ.
ಒಂದು ಸಲ ಹಿಮದಲ್ಲಿ ಹೂತ ಬಸ್ಸಿನೊಳಗೆ
ಇಪ್ಪತ್ತು ಮಕ್ಕಳು, ಡ್ರೈವರ್ ಲೇಲಂಡ್ ಟ್ವೇಟ್.
ಹಾಡಲು ಬಾರದವನು
ನಾಲ್ಕು ಗಂಟೆ ಹೊತ್ತು ಹಾಡಿದ, ಮಕ್ಕಳು ನಿದ್ದೆಹೋಗದ ಹಾಗೆ.
ನಾನು ಬರೆದದ್ದು:
'ಮೂರನೇ ಬಸ್ಸು, ವಿಳಂಬ.'

ವರ್ನಾ ನಾಲ್ಕಕ್ಕೇ ಬಂದು ಕೋಟು ಬಿಚ್ಚದೆ
ಫೋನು ಎತ್ತಿದಳು. ಹೀಟರಿನ ಪಕ್ಕ ನಾನಿದ್ದೆ.
'ಲೇಲಂಡ್, ರಸ್ತೆ ನಿನಗೆ ಹೇಗೆ ಕಾಣುತ್ತದೆ?'
ಆ ಕಡೆ ಎಷ್ಟೋ ಹೊತ್ತು ಬರೀ ಉಸಿರು.
ಮೂವತ್ತು ಚಳಿಗಾಲ ಯಾರೂ ಕೇಳಿರಲಿಲ್ಲ ಅವನನ್ನು.
ಆಮೇಲೆ ಬೂಟಿನ ಸದ್ದು, ಬಾಗಿಲು, ಗಾಳಿ,
ತಿರುಗಿ ಬಂದ ದನಿ: 'ಹಳ್ಳದ ತಿರುವು ಮುಚ್ಚುತ್ತದೆ. ಬೇಡ.'
ಬೇಡವೆಂದರೆ ಬೇಡ. ಶಾಲೆಗೆ ರಜೆ.

ಹತ್ತು ಗಂಟೆಗೆ ಬಿಸಿಲು ಬಿತ್ತು, ಹಲ್ಲು ಕಿಸಿದು.
ಗಾಳಿ ತೆಪ್ಪಗೆ ಮಲಗಿತು. ರಸ್ತೆ ಕರೀ ರಿಬ್ಬನ್ನಿನ ಹಾಗೆ ಸ್ವಚ್ಛ.
ಪಾಲಕರ ಫೋನು, ಒಂದರ ಬಾಲ ಹಿಡಿದು ಇನ್ನೊಂದು.
ಕೆಲಸ ಬಿಟ್ಟು ಮನೆಯಲ್ಲಿ ಕೂತವರು, ಪಾಪ,
ಅವರ ಸಿಟ್ಟೂ ಸುಳ್ಳಲ್ಲ.
ಲೇಲಂಡ್ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ,
ಬೈಸಿಕೊಳ್ಳುವ ಮುಖ ಮನೆಯಿಂದಲೇ ತೊಟ್ಟು.
ವರ್ನಾ ಮಂಡಳಿಯ ಅಧ್ಯಕ್ಷರ ಜತೆ ಫೋನಿನಲ್ಲಿದ್ದಳು:
'ಇಲ್ಲ ಸರ್. ತೀರ್ಮಾನ ನನ್ನದು.
ತಪ್ಪೂ ನನ್ನದೇ.'
ಅವನಿಗೆ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

ಮರುದಿನ ನಾಲ್ಕಕ್ಕೆ
ಫೋನು ಮತ್ತೆ ಅವನ ಮನೆಯಲ್ಲೇ ರಿಂಗಾಯಿತು.

ದೊಡ್ಡದೇನೂ ಆಗಲಿಲ್ಲ. ಸಂಬಳ ಅಷ್ಟೇ,
ಜಿಮ್ಮಿನ ಸೂರು ಈಗಲೂ ಸೋರುತ್ತದೆ.
ವಸಂತದಲ್ಲಿ ರಾಜೀನಾಮೆ ಮೂರು.
ನಾಲ್ಕನೆಯದು ಕೋರಾ ಹಾಗನ್‌ಳದು, ಮೂರನೇ ತರಗತಿ.
ಎರಡು ದಿನ ಬಿಟ್ಟು ಬಂದು
ಕಿಟಕಿಯ ಹೊರಗೆ ನೋಡುತ್ತ ವಾಪಸು ಕೇಳಿದಳು.
ಲಕೋಟೆ ಇನ್ನೂ ಒಡೆದಿರಲಿಲ್ಲ. ಕೊಟ್ಟೆ.
ಇಬ್ಬರೂ ಹವಾಮಾನದ ಮಾತಾಡಿದೆವು.
ನಡಾವಳಿಯಲ್ಲಿ ಅದು ಇಲ್ಲ.

ಡೆಲೀಮಾ ಪಾತ್ರೆ ಈಗಲೂ ಮುಚ್ಚಿಯೇ ಇಡುತ್ತಾಳೆ.
ಆದರೆ ಮೊನ್ನೆ ವರ್ನಾ ಅಡುಗೆಮನೆ ಹಾದು ಹೋಗುವಾಗ
ತಡೆದು ನಿಲ್ಲಿಸಿ, ಮುಚ್ಚಳ ತೆಗೆದು,
ಸೌಟು ಅವಳ ಬಾಯಿಗೇ ಹಿಡಿದಳು:
'ಇಲ್ಲಿ ಬಾ,
ಉಪ್ಪು ನೋಡು.'