ಸೊನ್ನೆ

ಗಿರಗಾಂವಿನ ಚಾಳು, ಮೂರನೇ ಮಾಳಿಗೆ,
ನಲ್ಲಿಯಲ್ಲಿ ನೀರು ಬರುವ ಹೊತ್ತು.
ಬಕೆಟ್ಟುಗಳ ನಡುವೆ ಏಣಿ ಊರಿ
ಗೋಡೆಗೊಂದು ಪೆಟ್ಟಿಗೆ ಕೂರಿಸುತ್ತಿದ್ದೇನೆ,
ಸಾಬೂನು ಡಬ್ಬಿಯಷ್ಟೇ ದೊಡ್ಡದು.
ಕೆಳಗೆ, ಇಪ್ಪತ್ತು ಮೀಟರ್ ಕೆಳಗೆ,
ಮೆಟ್ರೋದ ಯಂತ್ರ ಮಣ್ಣು ತಿನ್ನುತ್ತ ಬರುತ್ತಿದೆ.

"ಒಳಗೇನಿದೆ?" ಶೇವಂತಾಬಾಯಿ ಪೆಡಣೇಕರ್.
ಹಿಂದಾದರೆ ಪಾದರಸದ ಹನಿ ಅನ್ನಬಹುದಿತ್ತು:
ಗಾಜಿನ ಗೂಡಲ್ಲಿ ಉರುಳಿ ಎರಡು ತಂತಿ ಮುಟ್ಟಿದರೆ
ಗಂಟೆ. ಇಲ್ಲವಾದರೆ ಮೌನ.
ಇದರೊಳಗೆ ಸಿಲಿಕಾನಿನ ಚೂರು,
ಕೂದಲಿಗಿಂತ ತೆಳ್ಳನೆ ಸ್ಪ್ರಿಂಗಿಗೆ ಜೋತುಬಿದ್ದಿದೆ.
ಅದಕ್ಕೂ ಹಲ್ಲು, ಎದುರಿನ ಬಾಚಣಿಗೆಗೂ ಹಲ್ಲು,
ಒಂದರ ಸಂದಿಗೊಂದು, ತಾಗದ ಹಾಗೆ.
ಗೋಡೆ ವಾಲಿದರೆ ಚೂರು ಇಳಿಜಾರಿಗೆ ಸರಿಯುತ್ತದೆ,
ಸಂದು ಒಂದೆಡೆ ಕಿರಿದಾಗುತ್ತದೆ,
ಕಿರಿದಾದಲ್ಲಿ ಹೆಚ್ಚು ವಿದ್ಯುತ್ತು ನಿಲ್ಲುತ್ತದೆ.
ಅದನ್ನೇ ಎಣಿಸುತ್ತೇವೆ.

ಕೇಳಿಸಿಕೊಂಡಳೋ ಇಲ್ಲವೋ.
"ನಿನ್ನದು ಹೋಟೆಲಿನವರ ಮರಾಠಿ" ಎಂದಳು.
ಅಪ್ಪ ಮಾಟುಂಗದಲ್ಲಿ ಗಲ್ಲೆಗೆ ಕೂತವರು, ಹೌದೆಂದೆ.

ಮೂರು ವಾರ ಗೆರೆ ಸುಮ್ಮನಿತ್ತು. ಸುಮ್ಮನೆ ಅಂದರೆ,
ಮಧ್ಯಾಹ್ನ ಪಡುವಣ ಗೋಡೆಗೆ ಬಿಸಿಲು ಬಡಿದಾಗ
ಚಾಳು ಎಳೆಯಷ್ಟು ಮೂಡಣಕ್ಕೆ ಬಾಗಿ
ಹಾಲಿನವನು ಬರುವಷ್ಟರಲ್ಲಿ ಮರಳುತ್ತಿತ್ತು, ದಿನಾ.

ಆಮೇಲೊಂದು ಬೆಳಗು ಫೋನು ಅರಚಿತು.
ಮೀಟರಿಗೆ ಎರಡು ಮಿಲಿಮೀಟರ್. ಕೆಂಪು.
ಯಂತ್ರ ನಿಲ್ಲಿಸಿದರು. ನಾನು ಮೆಟ್ಟಿಲು ಹಾರಿ ಹಾರಿ ಹತ್ತಿದೆ.
ಪೆಟ್ಟಿಗೆಯ ಬ್ರಾಕೆಟಿಗೆ ನೈಲಾನ್ ಹಗ್ಗ,
ಹಗ್ಗಕ್ಕೆ ಒದ್ದೆ ಚಾದರ, ಎರಡು ಪೈಜಾಮ.
"ಗಟ್ಟಿಯಾಗಿ ಹೊಡೆದಿದ್ದೀಯಲ್ಲ, ಅದಕ್ಕೇ."

ಹಗ್ಗ ಬಿಚ್ಚುತ್ತ ಅವಳೇ ಅಂದಳು:
"ಅಂತೂ ನನ್ನ ಮನೆ ನೆಟ್ಟಗಿದೆ ಅನ್ನು."
ಹಾಗನ್ನಲಾಗದು, ಬಾಯಿ. ಕೂರಿಸಿದ ದಿನ
ಗೋಡೆ ಹೇಗಿತ್ತೋ ಅದಕ್ಕೇ ಸೊನ್ನೆ ಎಂದು ಹೆಸರಿಟ್ಟೆ;
ಅಲ್ಲಿಂದೀಚಿನದಷ್ಟೇ ಇದಕ್ಕೆ ಗೊತ್ತು.

ಒಳಗೆ ಕರೆದಳು.
ಮಂಚದ ಒಂದು ಕಾಲಿನಡಿ ಮಡಚಿದ ಲಗ್ನಪತ್ರಿಕೆ.
ತಟ್ಟೆಗೆ ಬಡಿಸಿದ ಆಮ್ಟಿ ಯಾವತ್ತೂ
ಕಿಟಕಿಯ ಕಡೆಗೇ ನಿಲ್ಲುವುದಂತೆ.
ಮೊಮ್ಮಗನ ಗೋಲಿಯನ್ನು ಹೊಸ್ತಿಲ ಬಳಿಯಿಟ್ಟು ಬೆರಳು ತೆಗೆದಳು.
ಅವಸರವಿಲ್ಲದೆ ಉರುಳಿ, ಒಮ್ಮೆ ಅನುಮಾನಿಸಿ,
ಕಬ್ಬಿಣದ ಕಪಾಟಿನಡಿ ಹೋಯಿತು.
"ನಾನು ಮದುವೆಯಾಗಿ ಬಂದಾಗಲೂ ಅಲ್ಲಿಗೇ ಹೋಗುತ್ತಿತ್ತು."

ಬ್ರಾಕೆಟ್ ಬಿಗಿದು ಮತ್ತೆ ಸೊನ್ನೆ ಒತ್ತಿದೆ.
ಕೆಳಗೆ ಯಂತ್ರ ಶುರುವಾದದ್ದು ಅಂಗಾಲಿಗೆ ತಿಳಿಯಿತು.
ಒಳಗಿನಿಂದ, ನೆಲಕ್ಕೆ ಪೊರಕೆಕಡ್ಡಿ ತಾಗುವ ಸದ್ದು:
ಗೋಲಿ ಹೊರತೆಗೆಯುತ್ತಿದ್ದಾಳೆ.