ಹಸಿರು ಮುಖಕ್ಕೆ ಗಾಜು

ಚಿಟ್ಟಿಯಪ್ಪ ಗೋಣಿಯಲ್ಲಿ ಸುತ್ತಿ ತಂದದ್ದನ್ನು
ಬೆಂಚಿನ ಮೇಲೆ ಬಿಚ್ಚಿದೆ. ಒಬ್ಬ ಹೆಂಗಸು.
ಮುಖ ಹಸಿರು.
ಚಿಗುರಿನದಲ್ಲ, ಪಾಚಿಯದೂ ಅಲ್ಲ,
ತಾಮ್ರದ ಚೆಂಬು ವರ್ಷಗಟ್ಟಲೆ ಹುಳಿ ಕಾಣದಿದ್ದರೆ
ಅಂಚಿಗೆ ಕಟ್ಟುತ್ತದಲ್ಲ, ಆ ಕಿಲುಬಿನ ಹಸಿರು.
ತಲೆವಸ್ತ್ರ ಕೆಂಪು. ಕೈಗಳು ನೀಲಿ.
ಹಿಂದಿನ ಗೋಡೆ ಯಾರ ಮನೆಯಲ್ಲೂ ಇರದ ಕಿತ್ತಳೆ.

"ಅತ್ತೆಯ ಚಿತ್ರ," ಎಂದ. "ಮದರಾಸಿನಲ್ಲಿ ಕಲಿತು ಬಂದ
ಯಾವನೋ ಡ್ರಾಯಿಂಗ್ ಮೇಷ್ಟ್ರು ಬರೆದದ್ದಂತೆ, ಮೂವತ್ತೆಂಟರಲ್ಲಿ.
ಗಾಜು ಹಾಕು. ಆದರೆ
ಮುಖದ ಬಣ್ಣವನ್ನೂ ಒಂಚೂರು ಸರಿಮಾಡು."

ಸರಿಮಾಡುವುದು ನನಗೆ ಗೊತ್ತು.
ಗಡಿಯಾರ ಕಂಬದ ಬಳಿ ಇಪ್ಪತ್ತಾರು ವರ್ಷದಿಂದ
ದೇವರಿಗೂ ಪಟಾಲಮ್ಮಿನ ಸುಬೇದಾರರಿಗೂ ಕಟ್ಟು ಹಾಕಿದ್ದೇನೆ.
ಕಪ್ಪುಬಿಳುಪು ಫೋಟೊದಲ್ಲಿ ಉಳಿದ ಸತ್ತವರಿಗೆ
ಹತ್ತಿಯ ತುದಿಯಿಂದ ಕೆನ್ನೆಗೆ ಗುಲಾಬಿ ಹಚ್ಚಿ ಕೊಟ್ಟಿದ್ದೇನೆ.
ಎಲ್ಲರೂ ಈಗಷ್ಟೇ ಉಂಡು ಎದ್ದವರಂತೆ ಕಾಣುತ್ತಾರೆ.
ಯಾರೂ ದೂರು ಹೇಳಿಲ್ಲ.

ಗಾಜು ಮೈಸೂರಿಂದ ಬರಬೇಕು, ಎಂಟು ದಿನ.
ಎಣ್ಣೆಬಣ್ಣಕ್ಕೆ ಗಾಜು ಬೇಡವೆನ್ನುತ್ತಾರೆ ತಿಳಿದವರು;
ವಿರಾಜಪೇಟೆಯ ಬೂಷ್ಟು ಅವರ ಮಾತು ಕೇಳುವುದಿಲ್ಲ.
ಅಷ್ಟು ದಿನ ಅವಳು ಗೋಡೆಗೊರಗಿ ನನ್ನನ್ನೇ ನೋಡಿದಳು.
ಮೊಳೆ ಕೊಳ್ಳಲು ಬಂದ ಆಲಿಕುಟ್ಟಿ "ಕಾಮಾಲೆ" ಎಂದ.
"ಬೇರೆ ಬಣ್ಣ ಮುಗಿದಿರಬೇಕು," ಎಂದ ಅಂಚೆಯವನು.
ಟೈಲರ್ ರೋಸಿಯ ಮಗಳು, ಒಂದನೇ ಕ್ಲಾಸು,
ಜಡೆ ಕಚ್ಚುತ್ತ ಬಹಳ ಹೊತ್ತು ನೋಡಿ
"ಇವಳು ಏನೋ ನುಂಗಿಕೊಂಡಿದ್ದಾಳೆ" ಎಂದಿತು.

ಆ ರಾತ್ರಿ ಬಾಗಿಲು ಎಳೆದು ಗುಲಾಬಿಯ ಡಬ್ಬಿ ತೆರೆದೆ.
ಕುಂಚ ಅದ್ದಿ ಕೆನ್ನೆಯ ಹತ್ತಿರ ಒಯ್ದೆ.
ಮಡಿಕೇರಿ ಆಸ್ಪತ್ರೆಯ ಮೊಗಸಾಲೆಯಲ್ಲಿ
ಡಾಕ್ಟರು ನಮ್ಮ ಮಗುವಿನ ಹೆಸರು ಹೇಳದೆ "ಆ ಕೇಸು" ಎಂದಾಗ
ನನ್ನ ಹೆಂಡತಿ ಅಳಲಿಲ್ಲ.
ಯಾವ ಬಣ್ಣವಿತ್ತು ಆ ಮುಖಕ್ಕೆ?
ಗುಲಾಬಿಯಂತೂ ಅಲ್ಲ.
ಕುಂಚ ತೊಳೆದಿಟ್ಟೆ.

ಆಗಲೇ, ದೀಪ ಓರೆಯಾದಾಗ, ಕಂಡದ್ದು:
ಕೊರಳ ಕೆಳಗೆ ಗಟ್ಟಿ ಮೊಸರಿನಷ್ಟು ದಪ್ಪ ಹಳದಿ.
ಅದರಡಿ ಅರ್ಧ ಹೆಡೆ, ಆರೇಳು ಕಲ್ಲಿನ ಉಬ್ಬು.
ಪತ್ತಾಕ್.
ಬರೆದು, ಹಸಿಯಿರುವಾಗಲೇ ಎಳೆದು ಅಳಿಸಿದ್ದು.
ಅಳಿಸಿದ್ದು ಕುಂಚವಲ್ಲ, ಹೆಬ್ಬೆರಳು.
ರೇಖೆಗಳು ಇನ್ನೂ ಎಣಿಸುವಂತಿದ್ದವು.

ಸಂತೆಯ ದಿನ ಚೀಯವ್ವ ತಾವೇ ಬಂದರು.
ಬೆನ್ನ ಹಿಂದೆ ನೆರಿಗೆ, ಕಂಕುಳಲ್ಲಿ ಛತ್ರಿ,
ಎಲ್ಲರ ಮುಖದಂಥದೇ ಮುಖ.
"ಗಾಜು ಹಾಕಿದೆಯಾ?"
"ನಾಳೆ, ಅವ್ವ."
ಸ್ಟೂಲು ಎಳೆದೆ, ಕೂರಲಿಲ್ಲ.
ಬಗ್ಗಿ, ಆ ಹಳದಿಯ ಮೇಲೆ ಹೆಬ್ಬೆರಳಿಟ್ಟರು.
ಬೆರಳು ಈಗ ಊದಿದೆ, ಗುರುತಿನಾಚೆಗೆ ಎಲ್ಲ ಕಡೆ ಚೆಲ್ಲಿತು.
ಹಾಗೇ ಇಟ್ಟುಕೊಂಡಿದ್ದರು,
ಮೈಸೂರು ಬಸ್ಸು ಮೂರು ಸಲ ಹಾರ್ನ್ ಹೊಡೆದು ಹೊರಡುವವರೆಗೆ.

"ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದ," ಎಂದರು,
"ಮುಖ, ಕೈ, ಗೋಡೆ.
ಇದೊಂದನ್ನು ಮಾತ್ರ ಸುಳ್ಳು ಬರೆದಿದ್ದ.
ಚಿನ್ನದ ಬಣ್ಣದಲ್ಲಿ."

ಇನ್ನೇನೋ ಕೇಳಬೇಕೆಂದಿದ್ದೆ.
ಅವರು ಆಗಲೇ ಒಣಮೀನಿನ ಸಾಲಿನಲ್ಲಿ ಚೌಕಾಸಿಗಿಳಿದಿದ್ದರು.

ಚಿಟ್ಟಿಯಪ್ಪನ ಚೀಟಿಯಲ್ಲಿ ಬರೆದೆ:
ಗಾಜು. ಬೀಟೆಯ ಪಟ್ಟಿ. ಮೊಳೆ. ಹಿಂದಿನ ರಟ್ಟು.
ಬಣ್ಣ ಸರಿಯಿದೆ, ಮುಟ್ಟಿಲ್ಲ.
ಅವನು ಓದಿ, ನನ್ನ ಮುಖ ನೋಡಿ,
ಐದು ರೂಪಾಯಿ ಕಡಿಮೆ ಕೊಟ್ಟ.
ಗೋಣಿ ಬೇಡವೆಂದೆ,
ನನ್ನದೇ ಒಂದು ಹಳೆಯ ಪಂಚೆಯಲ್ಲಿ ಸುತ್ತಿ ಕಳಿಸಿದೆ.