ಇಪ್ಪತ್ತನೆಯ ನಮೂನೆ

ಕಾಳಿಯ ಹಳೆ ಸೇತುವೆ ಕುಸಿದ ವರ್ಷ
ನಾನು ಮತ್ತೆ ವಿದ್ಯಾರ್ಥಿಯಾದೆ.
ಐವತ್ತಾರು ನಡೆಯುತ್ತಿತ್ತು. ಓದುವ ಕನ್ನಡಕ, ದೂರದ ಕನ್ನಡಕ,
ಎರಡರ ನಡುವೆ ಸದಾ ಕಳೆದುಹೋಗುವ ಪೆನ್ನು.

ಆಂಗ್ಲಿಕನ್ ಸೆಮಿನರಿ, ಸಮುದ್ರದಾಚೆ.
ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಚಹಾದ ಹೊತ್ತು.
ಪರದೆಯಲ್ಲಿ ಎಂಟು ಮುಖ, ಎಂಟೂ ಪಾದ್ರಿಗಳವು;
ಒಬ್ಬಳ ಹಿಂದೆ ಹಿಮ, ಒಬ್ಬನ ಹಿಂದೆ ನಾಯಿ,
ನನ್ನ ಹಿಂದೆ ಯುನೀಸ್ ಒಣಹಾಕಿದ ನಿಲುವಂಗಿ.
ಅದು ಅಲಂಕಾರವೆಂದೇ ಅವರೆಲ್ಲ ತಿಳಿದಿದ್ದರು.

'ಸೇವೆಯಲ್ಲಿ ಡಾಕ್ಟರೇಟ್' ಎಂದು ಪ್ರಕಟಿಸಿದ ಭಾನುವಾರ
ಏಲೀಶಾ ಮಾಸ್ತರರು ಹಾರ್ಮೋನಿಯಂ ಮುಚ್ಚುತ್ತ ಕೇಳಿದರು:
"ಸೇವೆಗೂ ಡಾಕ್ಟರೇಟ್ ಉಂಟೋ ಅಯ್ಯನವರೆ?
ಹಾಗಾದರೆ ನಮ್ಮ ಗಂಟೆ ಬಾರಿಸುವ ದಾನಪ್ಪನಿಗೆ
ಎಷ್ಟು ಕೊಡಬೇಕಾದೀತು?"
ನಕ್ಕೆ.
ಪ್ರಶ್ನೆ ಮಾತ್ರ ಮನೆಯವರೆಗೂ ಹಿಂದೆ ಬಂತು.

ಅಧ್ಯಾಯ ಮೂರು: ವಿಧಾನ.
ಕನಿಷ್ಠ ಇಪ್ಪತ್ತು ಜನ ಉತ್ತರಿಸಬೇಕು, ಬರೆದರು ಮಾರ್ಗದರ್ಶಿ,
ಅದಕ್ಕಿಂತ ಕಡಿಮೆಯಾದರೆ ಸಂಶೋಧನೆಯಲ್ಲ, ಹರಟೆ.
ನಮ್ಮ ಸಭೆ, ಹಬ್ಬ ಬಿಟ್ಟರೆ, ಹದಿನೇಳು.
ಮುನ್ನೂರು ಮಂದಿಗೆಂದು ಕಟ್ಟಿಸಿ ಹೋಗಿದ್ದರು ಬಿಳಿಯರು;
ಹದಿನೇಳು ಜನ ಹಾಡಿದರೆ
ಉಳಿದದ್ದನ್ನು ಗೋಡೆಯೇ ಹಾಡಬೇಕು.

ಹದಿನೇಳೂ ನಮೂನೆ ತುಂಬಿಸಿದೆ.
ಏಳನೆಯ ಪ್ರಶ್ನೆ: ಸಭೆಯಿಂದ ನಿಮಗೇನು ದೊರೆಯುತ್ತದೆ?
ಸಮಾಧಾನ. ಸಮಾಧಾನ. ಸಮಾಧಾನ.
ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದಿದ್ದರು,
ಶಾಲೆಯಲ್ಲಿ ನಾನೂ ಹಾಗೇ ಪಾಸಾದವನು.

ಹದಿನೆಂಟನೆಯವನು ನೌಕಾನೆಲೆಯ ಹುಡುಗ ಲಾಲ್ರಿನಾ,
ಮಿಜೋರಾಮಿನವನು; ರಜೆ ಸಿಕ್ಕರೆ ಕೊನೆಯ ಬೆಂಚಿಗೆ.
ಹಿಂದಿಯಲ್ಲಿ ಬರೆದ: ರಾಗ ಗೊತ್ತು, ಮಾತು ಗೊತ್ತಿಲ್ಲ.
ನೀವು ಕನ್ನಡದಲ್ಲಿ ಹಾಡುವಾಗ ನಾನು ಅಮ್ಮನ ಭಾಷೆಯಲ್ಲಿ ಹಾಡಿಬಿಡುತ್ತೇನೆ,
ಯಾರಿಗೂ ಗೊತ್ತಾಗಿಲ್ಲ,
ಕ್ಷಮಿಸಿ.

ಹತ್ತೊಂಬತ್ತು, ಶೇವಂತಿ ಹರಿಕಂತ್ರ.
ಬೈತಕೋಲಿನಿಂದ ಬುಟ್ಟಿ ಹೊತ್ತು ಬಂದು
ಹನ್ನೊಂದರ ಬಿಸಿಲಿಗೆ ನಮ್ಮ ಮೆಟ್ಟಿಲ ಮೇಲೆ ಕೂರುವವಳು;
ಒಳಗೆ ಬಂದವಳಲ್ಲ, ಬರುವವಳೂ ಅಲ್ಲ.
"ಡಾಕ್ಟ್ರಾದ ಮೇಲೆ ಮಂಡಿನೋವಿಗೆ ಗುಳಿಗೆ ಕೊಡ್ತ್ರಾ ಪಾದ್ರಿಬಾಬ?"
ಏಳನೆಯದನ್ನು ಓದಿ ಹೇಳಿದೆ.
ಬಂಗಡೆಯ ಮೇಲಿನ ನೊಣ ಅಟ್ಟುತ್ತ ಅಂದಳು:
"ಬರ್ಕಳಿ. ಮೆಟ್ಲು ತಂಪು."

ಅಷ್ಟನ್ನೇ ಬರೆದು ಕಳಿಸಿದೆ.
ಮಾರ್ಗದರ್ಶಿ ಅಷ್ಟೂ ಸಮಾಧಾನಗಳನ್ನು ದಾಟಿ
ಅಲ್ಲಿ ಬಂದು ನಿಂತಿದ್ದರು. ಅಂಚಿನಲ್ಲಿ ಕೆಂಪಕ್ಷರ:
ಇದನ್ನು ವಿಸ್ತರಿಸಿ.

ಹೇಗೆ ವಿಸ್ತರಿಸುವುದು?
ಆರು ವರ್ಷದಿಂದ ಆ ಮೆಟ್ಟಿಲು ಹತ್ತಿದ್ದೇನೆ
ನಿಲುವಂಗಿಯ ಅಂಚು ಎತ್ತಿ ಹಿಡಿದು,
ಮೀನಿನ ನೀರು ತಾಗದಂತೆ.

ಇವತ್ತು ಮಂಗಳವಾರ. ಆರಾಧನೆಯಿಲ್ಲ, ಮದುವೆಯಿಲ್ಲ, ಮಣ್ಣಿಲ್ಲ.
ಇಪ್ಪತ್ತನೆಯ ನಮೂನೆ ಇನ್ನೂ ಖಾಲಿ, ಜೇಬಿನಲ್ಲಿ, ನಾಲ್ಕು ಮಡಿಕೆ.
ನಾನೇ ತುಂಬಿದರೆ ಯಾರಿಗೆ ತಿಳಿದೀತು ಅಂತಲೂ ಅನಿಸಿತ್ತು;
ಏಳನೆಯ ಪ್ರಶ್ನೆಗೆ ಬಂದು ಎರಡು ರಾತ್ರಿ ಕೂತಿದ್ದೆ.

ಹೋಗಿ ಕೂತೆ.
ಶೇವಂತಿ ಏನೂ ಕೇಳಲಿಲ್ಲ,
ಬುಟ್ಟಿಯನ್ನು ಒಂದು ಗೇಣು ಸರಿಸಿದಳು.
ಹೆದ್ದಾರಿಯಲ್ಲಿ ಲಾರಿ, ಅದರಾಚೆ ಸಮುದ್ರ, ಮಧ್ಯೆ ಯಾರದೋ ಹಾರ್ನು.
ಕಲ್ಲು ನಿಜಕ್ಕೂ ತಂಪು.

ಏಳುವಾಗ ಬಂಗಡೆ ಎರಡು ಉಳಿದಿದ್ದವು.
"ಬಾಯಿಗೆ ಕೊಡಿ, ದುಡ್ಡು ಬ್ಯಾಡ," ಅಂದಳು,
ಸುತ್ತಲು ಕಾಗದ ಉಂಟಾ ಅಂತ ಕೈ ಚಾಚಿದಳು.

ಇದ್ದದ್ದು ಅದೊಂದೇ.